ನಮ್ಮ ಹಿತ್ತಲಲ್ಲಿ ಗಂಗೆ ಉಕ್ಕಿದ್ದು

ಅರಸೀಕೆರೆಗೆ ನಲ್ಲಿ ಬಂದು ಎರಡು ವರ್ಷ. ನಮ್ಮ ಬೀದಿಗೆಲ್ಲ ಒಂದೇ ನಲ್ಲಿ. ಅಲ್ಲಿ ನೀರಿಗಿಂತ ಕನಿಕರ ಹೆಚ್ಚು ಸುರಿಯುತ್ತದೆ. ನಮ್ಮ ಯಜಮಾನರು ಲಿಂಗೈಕ್ಯರಾಗಿ ಎಂಟು ತಿಂಗಳು. ನಾನು ಬಿಂದಿಗೆ ಹಿಡಿದು ಹೋದರೆ ಮಾತು ನಿಲ್ಲುತ್ತದೆ. "ಪಾಪ, ಸುಮಿತ್ರಮ್ಮ ಮೊದಲು ಹಿಡ್ಕೊಳ್ಳಲಿ ಬಿಡ್ರೇ" ಅಂತ ದಾರಿ ಬಿಡುತ್ತಾರೆ. ಹಿಂದೆ ನನ್ನ ಬಿಂದಿಗೆ ಒದ್ದು ಉರುಳಿಸುತ್ತಿದ್ದ ಪಕ್ಕದ ಮನೆ ಕೆಂಪಲಕ್ಷ್ಮಮ್ಮ ಈಗ ಅದನ್ನು ಎತ್ತಿ ಸೊಂಟಕ್ಕೆ ಇಡುತ್ತಾಳೆ. ತಡೆಯಲಾಗಲಿಲ್ಲ. ಹಿತ್ತಲಲ್ಲೇ ಬಾವಿ ತೋಡಿಸಿಬಿಡೋಣ ಅಂದುಕೊಂಡೆ.

ನೀರಿನ ಜಾಗ ನೋಡಲು ಹಾರನಹಳ್ಳಿಯಿಂದ ಮರುಳಪ್ಪನವರು ಬಂದರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹಿತ್ತಲೆಲ್ಲ ಸುತ್ತಿದರು. ನೀರಿದ್ದ ಕಡೆ ಕಾಯಿ ಎದ್ದು ನಿಲ್ಲಬೇಕು. ಸೀಬೆ ಗಿಡದ ಪಕ್ಕ ಸೆಟೆದು ನಿಂತಿತು.

"ತಾಯಿ, ಇಲ್ಲಿ ನೀರು ಹರೀತಾ ಐತೆ. ಮೂರಡಿಗೇ ಸಿಕ್ತದೆ. ಇಂಥಾ ಜಾಗ ನಾನು ಕಂಡೇ ಇಲ್ಲ."

ಮೂರಡಿಗೆ ನೀರು ಸಿಗುವ ಊರಾಗಿದ್ದರೆ ಒಂದು ನಲ್ಲಿಗೆ ಯಾಕೆ ಕಿತ್ತಾಡುತ್ತಿದ್ದೆವು? (ಇಷ್ಟು ಬುದ್ಧಿ ಆಗ ಬರಲಿಲ್ಲ.) ಜಾಗಕ್ಕೆ ವಿಭೂತಿ ಹಚ್ಚಿ, ಹೂ ಇಟ್ಟು, ಕಾಯಿ ಒಡೆದೆ. ಕೂಲಿ ಜವರಣ್ಣ ಅಗೆಯಲು ಇಳಿದ.

"ಅಮ್ಮಾರೇ, ಏನೋ ಟಣ್ ಅಂತೈತೆ."

"ಬಂಡೆ ಕಣೋ. ಬಂಡೆ ಕೆಳಗೇ ನೀರಿರೋದು. ಹೊಡಿ."

"ಬಂಡೆ ಗುಂಡಗೆ ಐತೆ ಕಣಮ್ಮಾ."

"ಕೊಡಿಲ್ಲಿ ಹಾರೆ!"

ನಾನೇ ಹೊಡೆದೆ. ಮೂರನೇ ಏಟಿಗೆ ನೀರು ಸೀಬೆ ಗಿಡದ ನೆತ್ತಿಗೆ ಹಾರಿತು. ಮರುಳಪ್ಪನವರು ಅಡ್ಡಬಿದ್ದರು. ನಾನು ಆರತಿ ಎತ್ತಿ, ಬೊಗಸೆ ಹಿಡಿದು ಕುಡಿದು, "ಎಷ್ಟು ಸಿಹಿ! ಆ ನಲ್ಲಿ ನೀರೂ ಒಂದು ನೀರೇ?" ಅಂದೆ.

ಹಿತ್ತಲ ಬಾಗಿಲು ದಬದಬ ಬಡಿಯಿತು. ನಲ್ಲಿ ನೋಡಿಕೊಳ್ಳುವ ಗಂಗಾಧರಯ್ಯ. ಅವರ ಹಿಂದೆ ಖಾಲಿ ಬಿಂದಿಗೆ ಹಿಡಿದ ಇಡೀ ಬೀದಿ.

"ಏನಮ್ಮಾ ಇದು! ಬೀದಿ ನಲ್ಲಿಗೆ ಹೋಗೋ ಪೈಪಿಗೆ ಆರತಿ ಎತ್ತಿದೀರಲ್ಲ! ಇದನ್ನ ನಿಮ್ಮ ಯಜಮಾನ್ರೇ ಮುಂದೆ ನಿಂತು ಹೂಳಿಸಿದ್ರು. ಮನೆಯೋಳಿಗೂ ಜಾಗ ತೋರಿಸಿದೀನಿ, ಅವಳು ಅಲ್ಲಿ ಅಗೆಯಲ್ಲ ಅಂದಿದ್ರು."

ತೋರಿಸಿದ್ದರು. ಕಾಲಲ್ಲಿ ಗೀರು ಎಳೆದು ತೋರಿಸಿದ್ದರು. ನಾನು ಹೂಂ ಅಂದಿದ್ದೆ. (ಇಪ್ಪತ್ತೆರಡು ವರ್ಷ ಹೂಂ ಅಂದಿದ್ದೇನೆ. ಕೇಳಿಸಿಕೊಂಡದ್ದು ಕಡಿಮೆ. ಈಗ ಕೇಳಿಸಿಕೊಳ್ಳೋಣ ಅಂದರೆ ಹೇಳುವವರಿಲ್ಲ.)

ಕೆಂಪಲಕ್ಷ್ಮಮ್ಮ ಬಿಂದಿಗೆ ಕುಕ್ಕಿದಳು. "ಏನೇ, ಕಣ್ಣು ನೆತ್ತಿ ಮೇಲೆ ಇಟ್ಕೊಂಡಿದೀಯಾ? ನೀರಿಲ್ದೆ ನನ್ನ ಬೇಳೆ ಸೀದು ಹೋಯ್ತಲ್ಲೇ!"

"ನೀನು ಬೇಳೆ ಸೀಯಿಸೋದು ಇವತ್ತೇ ಮೊದಲೇನೇ?" ಅಂದೆ.

ಬೀದಿಯವರೆಲ್ಲ ಸೇರಿ ಬೈದರು. ಎಂಟು ತಿಂಗಳಿಂದ ಯಾರೂ ನನ್ನನ್ನು ಬೈದಿರಲಿಲ್ಲ. ಆ ರಾತ್ರಿ ಹೊಟ್ಟೆ ತುಂಬ ಉಂಡೆ.

ಪೈಪು ಸರಿಮಾಡಲು ನಾಲ್ಕು ದಿನ ಹಿಡಿಯಿತು. ಗಂಗಾಧರಯ್ಯ ಗುಂಡಿ ಮುಚ್ಚಲಿಲ್ಲ. "ಹೇಗೂ ಅಗೆದಿದೀರಿ, ಬೀದಿಗೆ ಇನ್ನೊಂದು ನಲ್ಲಿ ಇಲ್ಲೇ ಇರಲಿ" ಅಂದರು. ಈಗ ಬೆಳಗಾದರೆ ಬೀದಿಯೆಲ್ಲ ನನ್ನ ಹಿತ್ತಲಲ್ಲಿ. "ನೀನು ಮನೆಯೋಳು, ಯಾವಾಗ್ಲಾದ್ರೂ ಹಿಡ್ಕೋಬಹುದು" ಅಂತ ನನ್ನನ್ನು ಕೊನೆಗೆ ನಿಲ್ಲಿಸುತ್ತಾರೆ. ನನ್ನ ಸರದಿ ಬರುವಷ್ಟರಲ್ಲಿ ನೀರು ನಿಂತುಹೋಗಿರುತ್ತದೆ. ಬಿಂದಿಗೆ ಹಿಡಿದು ಕೆಂಪಲಕ್ಷ್ಮಮ್ಮನ ಮನೆಗೆ ಹೋಗಿ, ಬೈಸಿಕೊಂಡು, ನನ್ನ ಹಿತ್ತಲ ನೀರನ್ನೇ ಬೇಡಿ ತರುತ್ತೇನೆ.