ಹಳೇ ವಿಮಾನಕ್ಕೆ ಮೂಗಿನ ಭಾರ

ಮನೆಯಲ್ಲಿ ವಿಮಾನ ಇಟ್ಟುಕೊಂಡವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬೆಲ್ ಒತ್ತಿಕೊಂಡು ಬರುತ್ತದೆ.

ಪರೇಲಿನ ನಮ್ಮ ಆಫೀಸಿನಲ್ಲಿ ನಿವೃತ್ತರಾದ ಹಿರಿಯರೊಬ್ಬರು ಊರು ಬಿಡುವಾಗ, ಹರೆಯದಲ್ಲಿ ತಾವೇ ಹಗುರ ಬಾಲ್ಸಾ ಮರದಲ್ಲಿ ಕಟ್ಟಿದ ರಿಮೋಟ್ ವಿಮಾನವನ್ನು ನನ್ನ ಕೈಗಿಟ್ಟರು. "ಒಂದು ದಿನವೂ ನೆಟ್ಟಗೆ ಹಾರಲಿಲ್ಲ. ಶೋಕೇಸಿಗೆ ಚೆನ್ನಾಗಿರತ್ತೆ" ಅಂದರು. ಹಾರಿಸಿಯೇ ತೀರುತ್ತೇನೆ ಅಂದೆ. ಅದರ ರೆಕ್ಕೆಯೇ ನಮ್ಮ ಪವಾಯಿ ಫ್ಲಾಟಿನ ಅರ್ಧ ಹಾಲ್ ನುಂಗಿತು.

"ದಸರಾ ಗೊಂಬೆ ಕೂರಿಸೋ ಹೊತ್ತಿಗೆ ಇದು ಹಾರಬೇಕು. ಇಲ್ಲಾಂದ್ರೆ ಗುಜರಿ ಒಯ್ಯೋ ಭಂಗಾರ್‌ವಾಲಾನ ಗಾಡಿ ಹತ್ತಬೇಕು" ಅಂದಳು ಹೆಂಡತಿ.

ನಿಂಬೆಹಣ್ಣು

ವಿಮಾನ ಹಾರಬೇಕಾದರೆ ಮೊದಲು ಸಮತೂಕ ಬೇಕು. ರೆಕ್ಕೆಯಡಿ ಎರಡು ಬೆರಳ ತುದಿ ಕೊಟ್ಟು ಎತ್ತಿದರೆ ಅಲ್ಲಾಡದೆ ನಿಲ್ಲಬೇಕು. ನಮ್ಮದರ ಬಾಲ ಧೊಪ್ಪನೆ ಕೆಳಗೆ. ನಾನು ಉಸಿರು ಬಿಗಿಹಿಡಿದು, ಎರಡು ಬೆರಳೆತ್ತಿ ತೂಗುತ್ತಾ ನಿಂತಿದ್ದಾಗ ಮೇಲಿನ ಮನೆಯ ಮರಾಠಿ ಆಂಟಿ ಬಂದರು.

"ಭಾಯ್‌ಸಾಬ್‌ಗೆ ಏನಾಯ್ತು?"

"ಬ್ಯಾಲೆನ್ಸ್ ಸರಿಯಿಲ್ಲ" ಅಂದಳು ಇವಳು.

"ನಮ್ಮವರಿಗೂ ಹೀಗೇ ಚಕ್ಕರ್ ಬರ್ತಿತ್ತು!" ಎಂದು ಓಡಿಹೋದ ಆಂಟಿ ಶರಬತ್ತಿಗೆಂದು ಒಂದು ನಿಂಬೆಹಣ್ಣು ತಂದುಕೊಟ್ಟರು. ಬೇಡ ಅನ್ನಲಾಗದೆ ಅದನ್ನು ವಿಮಾನದ ಮೂಗಿನ ಮೇಲಿಟ್ಟೆ. ಬಾಲ ಎದ್ದಿತು, ವಿಮಾನ ತಕ್ಕಡಿಯಂತೆ ನಿಂತಿತು.

ಆಂಟಿ ಹೆಮ್ಮೆಯಿಂದ, "ನೋಡಿ, ಕುಡಿಯೋದೂ ಬೇಕಾಗಲಿಲ್ಲ!"

ಸೀಸ

ನಿಂಬೆಹಣ್ಣು ಕಟ್ಟಿಕೊಂಡು ಹಾರಿಸಲಾದೀತೇ? ಅಷ್ಟೇ ತೂಕದ ಸೀಸವನ್ನು ಮೂಗಿನೊಳಗೆ ಕೂರಿಸಬೇಕು. ಸೀಸ ಸಿಗುವುದು ಗಾಳ, ಬಲೆ ಮಾರುವ ಅಂಗಡಿಯಲ್ಲಿ. ಮೊಟ್ಟೆಯನ್ನೂ ಮುಟ್ಟದ ಮನೆತನದ ನಾನು ನಿಂಬೆಹಣ್ಣು ಹಿಡಿದು ಅಲ್ಲಿಗೆ ಹೋದೆ.

"ಇದರಷ್ಟು ತೂಕದ ಸೀಸ ಕೊಡಿ."

ಅಂಗಡಿಯವ ಹಣ್ಣನ್ನು ನೋಡಿದ, ನನ್ನನ್ನು ನೋಡಿದ. "ಸಾಹೇಬ್, ಎಲ್ಲರೂ ಮೀನು ಹಿಡಿದಮೇಲೆ ನಿಂಬೆಹಣ್ಣು ತಗೋತಾರೆ. ನಿಮಗೆ ಬಹಳ ಆತ್ಮವಿಶ್ವಾಸ."

ಲೋಕಲ್

ಹಾರಿಸಲು ಬದಲಾಪುರದಾಚೆ ಒಂದು ಬಯಲು ಗೊತ್ತುಮಾಡಿಕೊಟ್ಟವರು ನಮ್ಮ ಬಿಲ್ಡಿಂಗಿನ ಕೆಳಗಿನ ಉಡುಪಿ ಹೋಟೆಲಿನ ಯಜಮಾನರು. ಭಾನುವಾರ ಇಬ್ಬರೂ ಲೋಕಲ್ ಹತ್ತಿದೆವು. ರೆಕ್ಕೆ ಅವರ ತೊಡೆಯ ಮೇಲೆ, ಒಡಲು ನನ್ನ ತೊಡೆಯ ಮೇಲೆ. ಎದುರು ಸೀಟಿನವನು ಠಾಣೆಯಿಂದಲೂ ನೋಡುತ್ತಿದ್ದ. ಕಲ್ಯಾಣದಲ್ಲಿ ತಡೆಯಲಾರದೆ ಕೇಳಿಯೇಬಿಟ್ಟ:

"ವಿಮಾನ ಇದ್ದೂ ಟ್ರೇನಲ್ಲಿ ಯಾಕೆ ಹೋಗ್ತೀರಿ?"

ಯಜಮಾನರು ತಣ್ಣಗೆ, "ಟ್ರೇನಿಗೆ ಪಾಸ್ ಉಂಟು ಮಾರಾಯ್ರೆ, ವಿಮಾನಕ್ಕಿಲ್ಲ."

ಟ್ರಿಮ್

ಆ ದಿನ ವಿಮಾನ ಎದ್ದದ್ದೇ ಎಡಕ್ಕೆ ಹೊರಳಿ ಹುಲ್ಲಿಗೆ ಬಿತ್ತು. ಮುರಿದದ್ದನ್ನು ಅಂಟಿಸಿ ಮುಂದಿನ ಭಾನುವಾರ ಹೋದೆ. ಮತ್ತೆ ಎಡಕ್ಕೆ. ಮತ್ತೆ ಅಂಟು. ರಿಮೋಟಿನಲ್ಲಿ ಟ್ರಿಮ್ ಎಂಬ ಪುಟ್ಟ ಗುಂಡಿಗಳಿರುತ್ತವೆ. ಅವನ್ನು ಹದವಾಗಿ ಒತ್ತಿದರೆ, ಕೈಬಿಟ್ಟರೂ ವಿಮಾನ ನೆಟ್ಟಗೆ ಹೋಗಬೇಕು. "ಬಿಡಿ ಮಾರಾಯ್ರೆ, ಅದರ ಸ್ವಭಾವವೇ ಹಾಗೆ" ಎಂದರು ಯಜಮಾನರು. ನಾನು ಬಿಡಲಿಲ್ಲ.

ದಸರಾಕ್ಕೆ ಮುಂಚಿನ ಕೊನೆಯ ಭಾನುವಾರ. ವಿಮಾನ ಮೇಲೇರಿತು. ಬಲಕ್ಕೆ ಒಂದು ಒತ್ತು, ಇನ್ನೊಂದು ಒತ್ತು. ಎಡದ ಎಳೆತ ನಿಂತಿತು. ಎರಡೂ ಕೈ ಮೇಲೆತ್ತಿದೆ. ರಿಮೋಟ್ ಕೊರಳಲ್ಲಿ ನೇತಾಡುತ್ತಿತ್ತು, ವಿಮಾನ ದಾರ ಹಿಡಿದಂತೆ ನೆಟ್ಟಗೆ ಹೋಗುತ್ತಿತ್ತು! ನನ್ನ ಕಣ್ಣು ಒದ್ದೆಯಾಯಿತು.

"ಗೆದ್ರಿ ಮಾರಾಯ್ರೆ!" ಎಂದು ಯಜಮಾನರು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡರು. ಆ ಅಪ್ಪುಗೆಗೆ ರಿಮೋಟಿನ ಸ್ವಿಚ್ ಆಫ್ ಆಯಿತು. ಮತ್ತೆ ಆನ್ ಮಾಡುವಷ್ಟರಲ್ಲಿ ಮೋಟಾರು ನಿಂತ ವಿಮಾನ, ಅದೇ ನೇರದಲ್ಲಿ ತೇಲುತ್ತಾ, ಇಳಿಯುತ್ತಾ ಮರಗಳಾಚೆ ಮಾಯವಾಯಿತು.

ಓಡಿದೆವು. ಆಚೆ ಕ್ರಿಕೆಟ್ ಪಂದ್ಯ ನಡೆಯುತ್ತಿತ್ತು. ಏಟು ತಪ್ಪಿಸಿಕೊಳ್ಳಲು ಬ್ಯಾಟ್ಸ್‌ಮನ್ ತಲೆ ಮುಚ್ಚಿಕೊಂಡು ನೆಲಕ್ಕೆ ಮಲಗಿದ್ದ. ಅವನ ಹಿಂದೆ ವಿಕೆಟ್‌ಕೀಪರ್ ನನ್ನ ವಿಮಾನವನ್ನು ಎರಡೂ ಗ್ಲೌಸಿನಲ್ಲಿ ಹಿಡಿದು ನಿಂತಿದ್ದ. ಒಂದು ಗೀರೂ ಇಲ್ಲ.

"ನೆಟ್ಟಗೇ ಬಂತಾ?" ಏದುಸಿರಲ್ಲೇ ಕೇಳಿದೆ.

"ಒಂದಿಂಚೂ ಅತ್ತಿತ್ತ ಆಗಲಿಲ್ಲ, ಕಾಕಾ" ಅಂದ ಕೀಪರ್.

ಅಂಪೈರ್ ಮಾತ್ರ ಗಂಭೀರವಾಗಿ ಕೈ ಅಡ್ಡ ಚಾಚಿದ್ದ. "ಸೊಂಟಕ್ಕಿಂತ ಮೇಲೆ ಬಂತು. ನೋ ಬಾಲ್. ಬೇಗ ತಗೊಂಡು ಹೋಗಿ ಕಾಕಾ, ಮುಂದಿನದು ಫ್ರೀ ಹಿಟ್!"