ಮಾವ ಹಲ್ಲು ನೋಡಿ ಗುರು ಹುಡುಕಿದ್ದು

ನಮ್ಮ ಮನೆಯವರು ಒಂದನ್ನು ಆರಿಸಲು ಹೋದರೆ ಇನ್ನೊಂದು ಬಂದು ಕೊರಳಿಗೆ ಬೀಳುವುದು ತಲೆಮಾರಿನಿಂದ ನಡೆದುಬಂದಿದೆ. ನಮ್ಮಜ್ಜ ದಾವಣಗೆರೆಗೆ ಕೊಡೆ ತರಲು ಹೋಗಿ ಕುದುರೆ ತಂದಿದ್ದ. ಆ ಕುದುರೆ ಇರುವಷ್ಟು ಕಾಲ ಮಳೆಯಲ್ಲಿ ನೆನೆದುಕೊಂಡೇ ಸವಾರಿ ಮಾಡಿದ. ಹೀಗಿರುವಾಗ ನಾನು ಕಲಿಯಲು ವಿದ್ಯೆ ಆರಿಸಲು ಹೊರಟದ್ದು ಸುಸೂತ್ರವಾಗಿ ಮುಗಿಯುತ್ತದೆ ಎಂದು ಮನೆಯಲ್ಲಿ ಯಾರೂ ನಂಬಿರಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ಆಗ ಮೈಸೂರು ಮಹಾರಾಜರ ಕಾಲ. ಚಿತ್ರದುರ್ಗದಲ್ಲಿ ನಾನು ಲೋವರ್ ಸೆಕೆಂಡರಿ ಪಾಸು ಮಾಡಿದ್ದೆ. ಹಾಡೋ, ಬಾರಿಸುವುದೋ, ಬಣ್ಣ ಹಚ್ಚುವುದೋ, ಯಾವುದಾದರೂ ಸರಿ, ಜನ ನನ್ನನ್ನು ಕುಳಿತು ನೋಡುವಂಥ ಒಂದು ವಿದ್ಯೆ ಬೇಕು ಎಂಬ ಹುಚ್ಚು ಹಿಡಿದಿತ್ತು. ನಮ್ಮಪ್ಪನದು ಹುಣಸೆಹಣ್ಣು, ಕೊಬ್ಬರಿಯ ಮಂಡಿ. ನನ್ನ ಆಸೆ ಕೇಳಿ ಅಪ್ಪ ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದ:

"ದೀಪಾವಳಿ ಒಳಗೆ ಯಾರಾದ್ರೂ ಗುರು ನಿನ್ನ ಇಟ್ಕಂಡ್ರೆ ಹೋಗು. ಇಲ್ಲ ಅಂದ್ರೆ ಪಾಡ್ಯದ ದಿನ ಈ ತಕ್ಕಡಿ ಹಿಡಿ. ನನ್ನ ಕೇಳಿದ್ರೆ, ನಿನ್ನ ಪುಗಸಟ್ಟೆ ಕೊಟ್ರೂ ಯಾರೂ ಒಯ್ಯಲ್ಲ."

ಈ ಕೊನೆಯ ಮಾತು ನನಗೆ ಬಹಳ ನೋವು ಮಾಡಿತು.

ಯಾವ ವಿದ್ಯೆ ಭಾರ?

ಯಾವುದನ್ನು ಕಲಿಯಬೇಕು ಎಂದು ಮನೆಯಲ್ಲಿ ಪಂಚಾಯ್ತಿ ಸೇರಿತು. ಪಿಟೀಲು ಬೇಡವೆಂದಳು ಅಜ್ಜಿ. ಪಿಟೀಲಿನವರ ಕುತ್ತಿಗೆ ಓರೆಯಾಗಿ ನಿಂತುಬಿಡುತ್ತದೆ, ಹೆಣ್ಣು ಕೊಡುವವರು ವರ ಮುಖ ತಿರುಗಿಸಿದ, ಒಪ್ಪಲಿಲ್ಲವೇನೋ ಎಂದು ಎದ್ದು ಹೋಗುತ್ತಾರೆ ಎಂಬುದು ಅವಳ ಭಯ. ನಮ್ಮ ಹೆಡ್ಮಾಸ್ಟರನ್ನು ಕೇಳಿದರೆ, ಕುಳಿತು ಮಾಡುವ ವಿದ್ಯೆ ಯಾವುದಾದರೂ ಆದೀತು, ನಿಂತು ಮಾಡುವುದು ಬೇಡ, ಕಾಲು ನೋಯುತ್ತದೆ ಎಂದರು. ಅವರು ಪಾಠವನ್ನೂ ಹಾಗೇ ಮಾಡುತ್ತಿದ್ದರು, ಕೆಲವೊಮ್ಮೆ ಮಲಗಿ.

ಅಪ್ಪ ಮಾತ್ರ ವ್ಯಾಪಾರದ ಮಾತಾಡಿದ. "ಕೊಳಲು, ಹಾರ್ಮೋನಿಯಂ ಎರಡಕ್ಕೂ ಗುರು ಕಾಣಿಕೆ ಒಂದೇ ಅಂತೆ. ಅಷ್ಟೇ ಕೊಟ್ಟ ಮ್ಯಾಲೆ ಭಾರ ಇರೋದನ್ನೇ ಕಲೀಲಿ."

ಇದನ್ನೆಲ್ಲ ಕೇಳುತ್ತಾ ಕಂಬಕ್ಕೆ ಒರಗಿದ್ದವನು ಅವ್ವನ ತಮ್ಮ, ನನ್ನ ಸೋದರಮಾವ. ಸುತ್ತಿನ ಸಂತೆಗಳಿಗೆಲ್ಲ ಹೆಸರಾದ ದನದ ದಲ್ಲಾಳಿ. ದೊಡ್ಡ ಮೈ, ಮೈಗಿಂತ ದೊಡ್ಡ ಗಂಟಲು. ಅವನು ಎದ್ದು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ವಿದ್ಯೆ ಯಾವುದಾದ್ರೂ ಆಗ್ಲಿ ಭಾವ, ಗುರು ಗಟ್ಟಿ ಇರ್ಬೇಕು. ಆರಿಸೋ ಕೆಲ್ಸ ನಂಗೆ ಬಿಡ್ರಿ. ಮೂವತ್ತು ವರ್ಷದಿಂದ ನಾ ಆರಿಸಿದ್ದು ಒಂದೂ ಉಳೋವಾಗ ಮಲಗಿಲ್ಲ."

ಹಲ್ಲು

ಮೊದಲು ಹೋದದ್ದು ಕೋಟೆಯ ಕೆಳಗಿದ್ದ ಸಂಗೀತದ ಮೇಷ್ಟ್ರ ಮನೆಗೆ. ಪಾಪ, ಸಜ್ಜನರು. ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ತಂಬೂರಿ ಮೀಟಿ, ಬಾಯಿ ಅಗಲಿಸಿ "ಆ" ಎಂದರು. ಮಾವ ಎದ್ದು ಹೋಗಿ ಆ ಬಾಯೊಳಗೆ ಬಗ್ಗಿ ನೋಡಿದ. ಬೆಳಕು ಸಾಲದೆ ಅವರ ಗಲ್ಲ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿದ. ಮೇಷ್ಟ್ರಿಗೆ ಬಾಯಿ ಮುಚ್ಚಬೇಕೆಂದಿತ್ತು, ಮಾವ ಬಿಡಲಿಲ್ಲ. ಹೀಗಾಗಿ "ಆ" ತುಂಬಾ ಹೊತ್ತು ನಡೆಯಿತು.

"ಕೆಳಗಿನ ಸಾಲಿನಾಗೆ ಎರಡು ಹೋಗ್ಯಾವೆ. ಉಳಿದವೂ ಸವೆದಾವೆ," ಎಂದು ಮಾವ ನನಗೆ ವರದಿ ಒಪ್ಪಿಸಿದ. "ಇನ್ನೊಂದೆರಡು ಬೇಸಾಯಕ್ಕೆ ಬರ್ತಾರೆ. ಆಮ್ಯಾಲೆ ಕಷ್ಟ."

ಮೇಷ್ಟ್ರು ಗಲ್ಲ ಒರೆಸಿಕೊಂಡು, "ಏನ್ರಿ ಇದು?" ಎಂದರು.

"ತಪ್ಪು ತಿಳೀಬ್ಯಾಡ್ರಿ ಸ್ವಾಮಿ. ವಯಸ್ಸು ಕೇಳಿದ್ರೆ ನಾಲಿಗೆ ಸುಳ್ಳು ಹೇಳ್ತೈತೆ. ಹಲ್ಲು ಹೇಳಲ್ಲ."

"ನಾನು ಹಾಡು ಕಲಿಸೋನಪ್ಪ, ಹುಲ್ಲು ಮೇಯೋನಲ್ಲ," ಎಂದು ಮೇಷ್ಟ್ರು ಬಾಗಿಲು ತೋರಿಸಿದರು.

ಬೀದಿಗೆ ಬಂದ ಮೇಲೆ ಮಾವನಿಗೆ ನಿರಾಳವಾಯಿತು. "ಒಳ್ಳೇದೇ ಆತು ನಡಿಯಲೇ. ಮೇವು ಬಿಟ್ಟದ್ದನ್ನ ಮೊದಲೇ ಕೊಳ್ಬಾರ್ದು."

ವಲ್ಲಿಯ ಕೆಳಗೆ

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರೂ ಕೈ ಹಿಡಿದುಕೊಳ್ಳುತ್ತಾರೆ, ಮೇಲೊಂದು ವಲ್ಲಿ ಮುಚ್ಚುತ್ತಾರೆ, ಒಳಗೆ ಬೆರಳು ಒತ್ತಿ ಒತ್ತಿ ವ್ಯಾಪಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯದು. ವಲ್ಲಿಯ ಕೆಳಗೆ ಆದ ಮಾತಿಗೆ ತಪ್ಪಿದವನನ್ನು ಮುಂದೆ ಯಾವ ಸಂತೆಯಲ್ಲೂ ಮೂಸಿ ನೋಡುವುದಿಲ್ಲ.

ಹಿರಿಯೂರಿನಲ್ಲಿ ಒಬ್ಬ ಮೃದಂಗದ ವಿದ್ವಾಂಸರಿದ್ದರು. ಹಲ್ಲು ಪೂರ್ತಿ ಇದ್ದವು. ಮಾವನಿಗೆ ಹಿಡಿಸಿತು. ಕಾಣಿಕೆ ಎಷ್ಟು ಎಂದು ಬಾಯಲ್ಲಿ ಕೇಳುವುದು ಮರ್ಯಾದೆಯಲ್ಲವೆಂದು ಅವನು ಸುಮ್ಮನೆ ಅವರ ಕೈ ಹಿಡಿದು ವಲ್ಲಿ ಮುಚ್ಚಿ ಮೂರು ಬೆರಳು ಒತ್ತಿದ. ತಮ್ಮ ತಾಳಜ್ಞಾನವನ್ನು ಪರೀಕ್ಷೆ ಮಾಡಲು ಯಾರೋ ದೊಡ್ಡವರು ವೇಷ ಮರೆಸಿ ಬಂದಿದ್ದಾರೆ ಎಂದು ವಿದ್ವಾಂಸರಿಗೆ ತೋರಿತಂತೆ. ಅವರು ಐದು ಒತ್ತಿದರು. ಮಾವ ಗಾಬರಿಯಾಗಿ ಎರಡಕ್ಕೆ ಇಳಿದ. ಅವರು ಏಳು ಬಾರಿಸಿದರು. ಮಾವ ಕೈ ಎಳೆದ. ಅವರು ಬಿಡಲಿಲ್ಲ, ಒಂಬತ್ತಕ್ಕೆ ಹೋಗಿ, ಮತ್ತೆ ಐದಕ್ಕೆ ಬಂದು, ಕಣ್ಣು ಮುಚ್ಚಿಕೊಂಡು ತಲೆದೂಗುತ್ತಾ ಬೆರಳ ಮೇಲೆ ಮಳೆ ಸುರಿಸಿಬಿಟ್ಟರು.

ಅಂತೂ ಬಿಡಿಸಿಕೊಂಡು ಬಂದ ಮಾವ ಬೆವೆತು ನೀರಾಗಿದ್ದ. "ಬೇಗ ಹೋಗಾಣ ಬಾರಲೇ. ಅವರ ಲೆಕ್ಕದಾಗೆ ನಿಮ್ಮ ಮಂಡಿ, ನನ್ನ ಗಾಡಿ ಎರಡೂ ಹೋಗ್ಯಾವೆ. ಇನ್ನೊಂದು ಗಳಿಗೆ ಕುಂತಿದ್ರೆ ನಿಮ್ಮವ್ವನ ಓಲೆನೂ ಬಿಚ್ಚಿಸ್ಕಂತಿದ್ರು."

ಗರ್ಜನೆ

ಹಾಡು ಹೋಯಿತು, ಮೃದಂಗ ಹೋಯಿತು. ದೀಪಾವಳಿ ಹತ್ತಿರ ಬರುತ್ತಿತ್ತು. ಕನಸಿನಲ್ಲಿ ನನಗೆ ಹುಣಸೆಹಣ್ಣು ಕಾಣತೊಡಗಿತು.

ಹೊಳಲ್ಕೆರೆಯ ಹತ್ತಿರದ ಹಳ್ಳಿಯೊಂದರಲ್ಲಿ ಬಯಲಾಟ ಕಲಿಸುವ ಭಾಗವತರಿದ್ದಾರೆ ಎಂದು ಕೇಳಿ ಗಾಡಿ ಕಟ್ಟಿದೆವು. ಭಾಗವತರು ನನ್ನ ತಲೆಗೆ ರಾಕ್ಷಸನ ಕಿರೀಟ ಇಟ್ಟು, "ಎಲ್ಲಿ, ಒಂದು ಸಲ ಗರ್ಜಿಸಪ್ಪ," ಎಂದರು. ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಗರ್ಜಿಸಿದೆ.

ಭಾಗವತರು ನನ್ನ ಹೆಗಲ ಮೇಲೆ ಕೈ ಇಟ್ಟು ಮೆಲ್ಲಗೆ ಕೇಳಿದರು. "ಯಾಕಪ್ಪ ಅಳ್ತೀಯ? ಮನ್ಯಾಗೆ ಯಾರಾದ್ರೂ ಬೈದ್ರಾ?"

ನನಗೆ ಆಗ ನಿಜವಾಗಿಯೂ ಅಳು ಬಂತು. ಎರಡೂ ಒಂದೇ ತರಹ ಕೇಳಿಸಿದ್ದರಿಂದ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

"ಹಂಗಲ್ಲಲೇ, ಹಿಂಗೆ," ಎಂದು ಮಾವ ಎದೆ ಉಬ್ಬಿಸಿ, ಸಂತೆಯಲ್ಲಿ ಹೋರಿ ಅಟ್ಟುವಾಗ ಹಾಕುವ ಕೂಗನ್ನು ಹಾಕಿದ. ಚಾವಡಿಯ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಹೊರಗೆ ಹೂಡಿಯೇ ಬಿಟ್ಟಿದ್ದ ನಮ್ಮ ಎತ್ತುಗಳು ಗಾಡಿ ಸಮೇತ ಮನೆಯ ದಾರಿ ಹಿಡಿದು ಓಡಿದವು. ಭಾಗವತರು ನನ್ನ ತಲೆಯಿಂದ ಕಿರೀಟ ತೆಗೆದು ಮಾವನ ತಲೆಯನ್ನೇ ಆಸೆಯಿಂದ ನೋಡುತ್ತಿದ್ದರು. ನಾವು ನಿಲ್ಲದೆ ಎತ್ತುಗಳ ಹಿಂದೆ ಓಡಿದೆವು. ಬೈಗಿಗೆ ಚಿತ್ರದುರ್ಗ ಮುಟ್ಟಿದಾಗ ಎತ್ತುಗಳು ಆಗಲೇ ಬಂದು ನೀರು ಕುಡಿದು ಮಲಗಿದ್ದವು.

ಹಸು ಕೊಂಡರೆ ಕರು

ಉಳಿದದ್ದು ನಾಟಕ ಕಂಪನಿ. ಹೊಸದುರ್ಗದಲ್ಲಿ ಒಂದು ಕಂಪನಿ ಬಿಡಾರ ಹಾಕಿತ್ತು. ಅದರ ಮಾಲೀಕರು ರಾಜನ ಪಾರ್ಟು ಕಟ್ಟುವವರು. ಬಣ್ಣ ಹಚ್ಚುವ ಮೊದಲು ಅವರೂ ದನದ ವ್ಯಾಪಾರ ಮಾಡಿದವರೇ. ಮಾವ ಬಾಗಿಲಲ್ಲಿ ನಿಂತು "ಯಾರಿದ್ದೀರ್ರಿ ಒಳಗೆ?" ಎಂದು ಕೂಗಿದ್ದಕ್ಕೆ ಡೇರೆಯೇ ಅಲುಗಿತು. ಮಾಲೀಕರು ಓಡಿ ಬಂದು ಕುರ್ಚಿ ಹಾಕಿದರು.

"ಕಂಪನಿಗೆ ಸೇರೋ ವಿಚಾರಕ್ಕೆ ಬಂದೀವಿ," ಎಂದ ಮಾವ.

"ಭಾಳ ಸಂತೋಷ. ಕೂಗು ಕೇಳಿದಾಗ್ಲೇ ತೀರ್ಮಾನ ಮಾಡ್ದೆ," ಎಂದರು ಅವರು, ಮತ್ತು ತಾವೇ ವಲ್ಲಿ ತೆಗೆದರು.

ಮಾವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದ. ವಲ್ಲಿಯ ಕೆಳಗೆ ಬೆರಳು ಓಡಾಡಿದವು. ಮಾವ ಇಳಿಸುತ್ತಾ ಹೋದದ್ದು ಅವನ ಮೀಸೆಯ ಕುಣಿತದಲ್ಲೇ ತಿಳಿಯುತ್ತಿತ್ತು. ಮಾಲೀಕರ ಮುಖ ಅರಳುತ್ತಾ ಹೋಯಿತು. ಕಾಣಿಕೆ ಇಳಿಸಿದರೆ ಇವರು ಯಾಕೆ ನಗುತ್ತಾರೆ ಎಂದು ನನಗೆ ಆಶ್ಚರ್ಯ. ಕೈ ಕುಲುಕಿ ಎದ್ದರು.

"ನಾಳೆಯಿಂದ್ಲೇ ಬಂದ್ಬಿಡ್ರಿ," ಎಂದರು ಮಾಲೀಕರು. "ಮೀಸೆ ಹಂಗೇ ಇರ್ಲಿ, ತೆಗೀಬ್ಯಾಡ್ರಿ."

"ಹುಡುಗನಿಗೆ ಮೀಸೆ ಎಲ್ಲೈತೆ ಸ್ವಾಮಿ?"

"ಯಾವ ಹುಡುಗ?"

ಆಗ ತಿಳಿಯಿತು. ಮಾವ ಇಳಿಸಿದ್ದು ನನ್ನ ಕಾಣಿಕೆಯನ್ನಲ್ಲ, ತನ್ನ ಸಂಬಳವನ್ನು. ಇಷ್ಟು ಕಡಿಮೆಗೆ ಬರುವ ನಟನನ್ನು ಮಾಲೀಕರು ಅದುವರೆಗೆ ಕಂಡಿರಲಿಲ್ಲ. ಆದರೆ ವಲ್ಲಿಯ ಮಾತಿಗೆ ತಪ್ಪುವ ಹಾಗಿಲ್ಲ. ಮಾವ ತಲೆಯ ಮೇಲೆ ಕೈ ಹೊತ್ತು ಕುಳಿತ. ಆಮೇಲೆ ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದ.

"ನಾ ಮಾತಿಗೆ ತಪ್ಪಲ್ಲ. ಆದ್ರೆ ಹಸು ಕೊಂಡೋರು ಕರು ಬಿಟ್ಟು ಹೋಗಂಗಿಲ್ಲ. ಅದು ಸಂತೆ ಧರ್ಮ. ಇವನು ಕರು."

ಹೀಗೆ ದೀಪಾವಳಿಗೆ ಮೊದಲೇ ನಾನು ಕಂಪನಿಗೆ ಸೇರಿದೆ. ಅರ್ಜಿ ಇಲ್ಲ, ಪರೀಕ್ಷೆ ಇಲ್ಲ, ಮಾವನ ಬಾಲ ಹಿಡಿದು.

ರಾಣಿಯ ಬೆಲೆ

ಗರ್ಜಿಸಿದರೂ ಅಳುವಂತೆ ಕೇಳುವ ನನ್ನ ಗಂಟಲು ಕೊನೆಗೂ ಕೆಲಸಕ್ಕೆ ಬಂತು. ಮಾತಿಗೆ ತಪ್ಪದ ರಾಜನೊಬ್ಬ ಋಷಿಯ ಸಾಲ ತೀರಿಸಲು ಹೆಂಡತಿಯನ್ನು ಪೇಟೆಯಲ್ಲಿ ಮಾರುವ ಆಟದಲ್ಲಿ ನಾನು ರಾಣಿ. ಆಟ ಮುಗಿಯುವವರೆಗೂ ಅಳುವುದೇ ಕೆಲಸ. ಮಾವ ರಾಣಿಯನ್ನು ಕೊಳ್ಳುವ ವರ್ತಕ. ಅವನಿಗೆ ಇದ್ದದ್ದು ಒಂದೇ ಮಾತು: "ನೀನು ಕೇಳಿದಷ್ಟೇ ಕೊಡುತ್ತೇನೆ."

ಹೊಳಲ್ಕೆರೆಯಲ್ಲಿ ಮೊದಲ ಆಟ. ಮಾರನೆಯ ದಿನ ಸಂತೆ, ಅದಕ್ಕೇ ಮುಂದಿನ ಸಾಲಿನ ತುಂಬ ದನದ ವ್ಯಾಪಾರಿಗಳು. ಅವರ ನಡುವೆ ನಮ್ಮಪ್ಪ. ಕರುವಾಗಿ ಸೇರಿದ್ದು ಲೆಕ್ಕಕ್ಕಿಲ್ಲ, ಆಟ ನೋಡಿ ಸರಿ ಕಾಣದಿದ್ದರೆ ನನ್ನನ್ನು ಗಾಡಿಯಲ್ಲಿ ಹಾಕಿಕೊಂಡು ಮಂಡಿಗೆ ಹೋಗುವುದಾಗಿ ಹೇಳಿಯೇ ಬಂದಿದ್ದ. ಸೀರೆಯೊಳಗೆ ನನ್ನ ಕಾಲು ನಡುಗುತ್ತಿತ್ತು.

"ಎಲೈ ಪುರಜನರೇ, ಈ ಸಾಧ್ವಿಗೆ ಬೆಲೆ ಕಟ್ಟುವವರಿಲ್ಲವೇ?" ಎಂದರು ರಾಜರು. ಮಾವ ಬಂದ. ಬಾಯಿ ತೆರೆದ. ಎದುರಿಗೆ ಮೂವತ್ತು ವರ್ಷ ಜೊತೆಯಲ್ಲಿ ಸಂತೆ ಮಾಡಿದವರ ಮುಖಗಳು. ಅವರ ಮುಂದೆ, ಕೇಳಿದಷ್ಟೇ ಕೊಡುತ್ತೇನೆ ಎಂದು ಹೇಗೆ ಹೇಳಿಯಾನು? ಮಾವ ನನ್ನ ಹತ್ತಿರ ಬಂದು, ಗಲ್ಲ ಹಿಡಿದು, ಹಲ್ಲು ನೋಡಿದ.

"ನಡೆಸಿ ತೋರಿಸ್ರಿ," ಎಂದ ರಾಜರಿಗೆ.

ನಾನು ಅಳುತ್ತಲೇ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆದೆ. ಮುಂದಿನ ಸಾಲಿನವರು ಕತ್ತು ಚಾಚಿ ನನ್ನ ಕಾಲು ನೋಡಿದರು. ಮಾವ ಶಲ್ಯ ತೆಗೆದ. ರಾಜರಿಗೂ ಹಳೆಯ ರಕ್ತ ಕುದಿಯಿತು, ಕೈ ಚಾಚಿದರು. ಶಲ್ಯದ ಕೆಳಗೆ ವ್ಯಾಪಾರ ಶುರುವಾಯಿತು. ಹಾರ್ಮೋನಿಯಂನವರು ಏನು ಮಾಡಬೇಕೆಂದು ತಿಳಿಯದೆ ದುಃಖದ ರಾಗವನ್ನೇ ತಿರುಗಿ ತಿರುಗಿ ನುಡಿಸಿದರು.

"ಎಷ್ಟಕ್ಕೆ ಬಂತ್ರಿ?" ಎಂದು ಜನ ಕೂಗಿದರು.

"ಭಾಳ ಇಳಿಸ್ತಾನೆ," ಎಂದರು ರಾಜರು ಕಳವಳದಿಂದ. "ಇಷ್ಟಕ್ಕೆ ಕೊಟ್ರೆ ಋಷಿಗಳ ಸಾಲ ತೀರಲ್ಲ."

"ಹುಡುಗಿ ನಡುಗ್ತೈತೆ, ಅದಕ್ಕಿಷ್ಟೇ," ಎಂದ ಮಾವ. "ಪುಗಸಟ್ಟೆ ಕೊಟ್ರೂ ಯೋಚ್ನೆ ಮಾಡ್ಬೇಕು."

ಆಗ ಮುಂದಿನ ಸಾಲಿನಿಂದ ಒಬ್ಬರು ಎದ್ದರು. ಪೇಟ ಸರಿಮಾಡಿಕೊಂಡು ನೇರವಾಗಿ ರಂಗದ ಮೇಲೆ ಹತ್ತಿದರು. ನಮ್ಮಪ್ಪ. ಮಾವನ ಕೈಯನ್ನು ಶಲ್ಯದಿಂದ ಕಿತ್ತು ಎಸೆದು, ತನ್ನ ಕೈ ತೂರಿಸಿ, ರಾಜರ ಬೆರಳು ಒತ್ತಿದ. ರಾಜರು "ಅಬ್ಬಾ" ಎಂದರು.

"ನನ್ನ ಮಗನಿಗೆ ಇಷ್ಟೇನಾ ಬೆಲೆ ಕಟ್ಟೋದು?" ಎಂದು ಅಪ್ಪ ಜನರ ಕಡೆ ತಿರುಗಿ ಗುಡುಗಿದ. ನನ್ನ ಅಳು ಒಮ್ಮೆಗೇ ನಿಂತುಹೋಯಿತು. ಆವತ್ತು ಆದಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿಲ್ಲ.

ಮಾತಿಗೆ ತಪ್ಪದ ರಾಜರು ನನ್ನನ್ನು ಅಪ್ಪನಿಗೆ ಮಾರಿದರು. ಋಷಿಯ ಸಾಲ ತೀರಿತು, ಮಿಕ್ಕ ಕಥೆಗೆ ಕೆಲಸವಿಲ್ಲದೆ ಪರದೆ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಬೆಳಗ್ಗೆ ಅಪ್ಪ ಗಾಡಿ ಹೂಡಿಸಿದ. ಕೊಂಡವನು ಒಯ್ಯುತ್ತಾನೆ ಎಂದುಕೊಂಡು ನಾನು ಗಂಟು ಕಟ್ಟಿ ಬಂದು ನಿಂತೆ. ಅಪ್ಪ ನನ್ನನ್ನೂ ಗಂಟನ್ನೂ ನೋಡಿದ. ಮಾಲೀಕರನ್ನು ಕರೆದ.

"ಒಂದೇ ಸಂಜೆಗೆ ಬೆಲೆ ಎಲ್ಲಿಂದ ಎಲ್ಲಿಗೆ ಏರ್ತು, ನೀವೇ ನೋಡಿದ್ರಿ. ಏರೋ ಮಾಲನ್ನ ಜಾಗದಿಂದ ಅಲುಗಿಸ್ಬಾರ್ದು," ಎಂದು ಅಪ್ಪ ಗಾಡಿ ಹತ್ತಿದ. "ಇಲ್ಲೇ ಇಟ್ಕಳ್ರಿ. ಮಳೆಗೆ ನೆನೀದಂಗೆ ನೋಡ್ಕಳ್ರಿ."