ಬಡಿಸುವವರಿಗೊಬ್ಬ ಯಜಮಾನ

ನಾಲ್ಕು ಜನ ಸೇರಿ ಕೆಲಸ ಮಾಡುವ ಕಡೆ ಹೇಳುವವನು ಒಬ್ಬ ಇರಬೇಕು ಎಂಬುದು ನನ್ನ ಬಲವಾದ ನಂಬಿಕೆ. ಆ ಒಬ್ಬ ನಾನೇ ಆಗಿರಬೇಕು ಎಂಬುದು ಅದಕ್ಕಿಂತಲೂ ಬಲವಾದ ನಂಬಿಕೆ. ಹೈಸ್ಕೂಲು ಮಾಸ್ತರನಿಗೆ ಈ ಕಾಯಿಲೆ ಸಹಜ. ಬೆಕ್ಕು ಹಾಲು ಕುಡಿಯುವಾಗಲೂ ಪಕ್ಕದಲ್ಲಿ ನಿಂತು ಸಲಹೆ ಕೊಡುತ್ತೇನೆಂದು ನನ್ನ ಹೆಂಡತಿಯ ದೂರು.

ಎಂಬತ್ತರ ದಶಕದ ಆರಂಭ. ಆಲೆಟ್ಟಿಯ ನಮ್ಮ ಮನೆಯಂಗಳದಲ್ಲಿ ತಂಗಿ ಲಲಿತೆಯ ಮದುವೆ. ಆಗೆಲ್ಲ ಬಡಿಸುವುದಕ್ಕೆ ಸಂಬಳದವರು ಇರಲಿಲ್ಲ. ನೆರೆಕರೆಯವರೇ ಮುಂಡು ಎತ್ತಿ ಕಟ್ಟಿ, ಹೆಗಲ ಬೈರಾಸನ್ನು ಸೊಂಟಕ್ಕೆ ಬಿಗಿದು ಇಳಿಯುತ್ತಿದ್ದರು. ಗಂಡಿನ ಕಡೆಯವರು ಆಲಂಕಾರಿನವರು. ಗಂಡಿನ ಸೋದರಮಾವ ಊಟದಲ್ಲಿ ಕೊರತೆ ಹುಡುಕುವುದರಲ್ಲಿ ಹೆಸರುವಾಸಿ. "ಅಣ್ಣಾ, ಊಟದಲ್ಲಿ ಎಂತದೂ ಹೆಚ್ಚು ಕಮ್ಮಿ ಆಗುದು ಬೇಡ. ನಾಳೆಯಿಂದ ಆ ಮನೆಯಲ್ಲಿ ಮಾತು ಕೇಳ್ಬೇಕಾದ್ದು ನಾನು," ಎಂದು ತಂಗಿ ಧಾರೆಗೆ ಮೊದಲೇ ಹೇಳಿದ್ದಳು. ಅವಳ ಕಣ್ಣು ತುಂಬಿತ್ತು. ಕೂಡಲೇ ಚಪ್ಪರದ ನಡುವೆ ನಿಂತು ಅಧಿಕಾರ ವಹಿಸಿಕೊಂಡೆ.

"ಅನ್ನ ನಿಲ್ಲಲಿ. ಸಾರು ಮುಂದೆ ಬರಲಿ. ಪಲ್ಯ ಆ ಕಡೆಯಿಂದ." ಮಾಸ್ತರರ ಮಾತಿಗೆ ಬೆಲೆ ಕೊಟ್ಟು ಎಲ್ಲರೂ ನನ್ನ ಬಾಯಿಯನ್ನೇ ನೋಡತೊಡಗಿದರು. ಅನ್ನದವರು ನಿಂತರು, ಅವರ ಬೆನ್ನಿಗೆ ಸಾರಿನವರು ಡಿಕ್ಕಿ ಹೊಡೆದರು, ಪಾಯಸ ಎಲ್ಲಿಂದಲೋ ಬಂದು ಸೋದರಮಾವನ ಎಲೆಗೆ ಅನ್ನಕ್ಕಿಂತ ಮೊದಲೇ ಬಿತ್ತು. ಅವರು ಪಾಯಸವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ನೆರೆಮನೆಯ ಕುಶಾಲಣ್ಣ ಸಾಂಬಾರಿನ ಬಕೆಟ್ ಹಿಡಿದೇ ಹತ್ತಿರ ಬಂದರು. "ಮಾಷ್ಟ್ರೆ, ಆ ಮಾವನ ಹತ್ರ ಒಂದು ಎಲೆ ಖಾಲಿ ಉಂಟು. ನೀವು ಕೂತ್ಕೊಳ್ಳಿ ಮಾರಾಯ್ರೆ. ಅವರಿಗೆ ಮಾತಾಡ್ಲಿಕ್ಕೆ ಜನ ಬೇಕಲ್ಲ?"

ಕೂತೆ. ಹೇಳುವವನು ಕೂತ ಮೇಲೆ ಅಲ್ಲಿ ಯಾರೂ ಯಾರಿಗೂ ಏನೂ ಹೇಳಲಿಲ್ಲ. ಸಾರಿನವರ ಕಣ್ಣು ಮುಂದಿನ ಅನ್ನದವರ ಮೇಲೆ, ಸಾಂಬಾರಿನವರ ಕಣ್ಣು ಸಾರಿನವರ ಮೇಲೆ, ಅಷ್ಟೆ. ಅಜ್ಜ ಒಬ್ಬರು ಅನ್ನ ಕಲಸಲು ತಡ ಮಾಡಿದರೆ ಸಾರು ನಿಧಾನವಾಯಿತು. ಅದನ್ನು ಕಂಡು ಸಾಂಬಾರು, ಸಾಂಬಾರನ್ನು ಕಂಡು ಪಾಯಸ. ಒಬ್ಬರ ಬಕೆಟ್ ಬರಿದಾದರೆ ಪಕ್ಕದ ಸಾಲಿನವರು ಕರೆಯುವ ಮೊದಲೇ ಈಚೆ ಹೊರಳಿದರು. ಕೊನೆಯ ಎಲೆಯವರು ಮಜ್ಜಿಗೆ ಮುಗಿಸುವವರೆಗೆ ಮೊದಲ ಎಲೆಯವರು ಬೆರಳು ನೆಕ್ಕುತ್ತಾ ಕಾದರು. ಇಡೀ ಪಂಕ್ತಿ ಒಟ್ಟಿಗೆ ಎದ್ದಿತು. ಎಂಥ ಚಂದ ಅಂತೀರಿ. ಬೆತ್ತ ಹಿಡಿದೂ ತರಗತಿಯಲ್ಲಿ ಇದರ ಕಾಲಂಶ ಕಂಡವನಲ್ಲ ನಾನು. ಊಟದ ನಡುವೆಯೇ ಎದ್ದು ಅವರಿಗೆಲ್ಲ ಕೈ ಮುಗಿಯಬೇಕು ಅನ್ನಿಸಿತ್ತು, ಆದರೆ ಪಂಕ್ತಿಯಲ್ಲಿ ಹಾಗೆ ನಡುವೆ ಏಳುವಂತಿಲ್ಲ.

ತಂಗಿ ಮೊದಲ ಸಲ ತವರಿಗೆ ಬಂದಾಗ ಅಂಜುತ್ತಲೇ ಕೇಳಿದೆ, "ಆ ಮಾವ ಎಂತಾದ್ರೂ ಹೇಳಿದ್ರಾ?"

"ಹೇಳಿದ್ರು," ಎಂದು ನಕ್ಕಳು. "ಹಾಗೆ ಬಡಿಸುವವರು ನಮ್ಮ ಕಡೆ ಇಲ್ಲ ಅಂತ ಊರಿಡೀ ಹೇಳ್ತಾ ಇದ್ದಾರೆ. ನಿನ್ನ ಅಣ್ಣನನ್ನು ಸ್ವಲ್ಪ ಮೊದಲೇ ಕೂರಿಸ್ಬೇಕಿತ್ತು ಅಂತ ಮಾತ್ರ ಹೇಳಿದ್ರು."

ಅಂದಿನಿಂದ ಆಲಂಕಾರಿನ ಕಡೆ ಯಾವ ಮದುವೆಗೆ ಹೋದರೂ ನಾನು ಚಪ್ಪಲಿ ಬಿಡುವುದರೊಳಗೆ ಯಾರಾದರೊಬ್ಬರು ಕೈ ಹಿಡಿದು ಕರೆದೊಯ್ದು ಮೊದಲ ಪಂಕ್ತಿಯಲ್ಲೇ ಕೂರಿಸಿಬಿಡುತ್ತಾರೆ. ಅಲ್ಲಿ ನಮ್ಮ ಯಜಮಾನರಿಗೆ ಬಹಳ ಗೌರವ ಎಂದು ನನ್ನ ಹೆಂಡತಿ ಕಂಡವರೊಡನೆಲ್ಲ ಹೇಳಿಕೊಳ್ಳುತ್ತಾಳೆ. ನಾನು ತಿದ್ದಲು ಹೋಗಿಲ್ಲ.